ನಿಂಬೆವ್ವನ ಕುಡಗೋಲು

ಬಸಲಿಂಗ ತನ್ನ ಮುತ್ತಜ್ಜಿ ನಿಂಬೆವ್ವನ ಮೇಲೆ ಮುನ್ನೂರು ಪುಟದ ಕಾದಂಬರಿ ಬರೆದಿದ್ದ. ಅವಳ ವಂಶದವನೆಂಬುದೇ ಅವನ ದೊಡ್ಡ ಹೆಮ್ಮೆ. ಅಚ್ಚಿಗೆ ಕೊಡುವ ಮೊದಲು ತೊಂಬತ್ತು ದಾಟಿದ ಅಜ್ಜಿಗೆ ಓದಿ ಹೇಳಿದ. ತನ್ನ ಅತ್ತೆಯ ಬಾಯಿಂದ ಆ ಮನೆಯ ಕಥೆ ಕೇಳಿದವರಲ್ಲಿ ಉಳಿದವಳು ಅವಳೊಬ್ಬಳೇ.

ಕಾದಂಬರಿಯ ಕೊನೆಯಲ್ಲಿ, ಹಸುಗೂಸನ್ನು ಕಣಜದಲ್ಲಿ ಬಚ್ಚಿಟ್ಟು, ಏಳು ಮಂದಿ ದರೋಡೆಕೋರರನ್ನು ಕುಡಗೋಲಿನಿಂದ ಕಡಿದು, ನಿಂಬೆವ್ವ ಹೊಸ್ತಿಲ ಮೇಲೆ ಪ್ರಾಣ ಬಿಟ್ಟಳು. ಬಸಲಿಂಗ ಕಣ್ಣೊರೆಸಿಕೊಂಡ. ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಕುಡಗೋಲು ಖರೆ. ಕಳ್ಳರು ಬಂದಿದ್ದಿಲ್ಲ,” ಎಂದಳು.

“ಮತ್ತ ಯಾರಿಗೆ ಹೊಡದ್ಲು, ಆಯಿ?”

“ಗಂಡಗ. ದಿನಾ ಬಡೀತಿದ್ದ. ಒಂದಿನ ಅವನ ಹೆಗಲಿಗೆ ಒಂದೇಟು ಹಾಕಿ, ಹಾಡಹಗಲ ಊರ ಮುಂದ ನಡಕೊಂತ ಹ್ವಾದ್ಲು.”

“ಸತ್ತಳಂತ ಆಕಿ ಹೆಸರಿನ ಬೆಳ್ಳಿ ಬಿಲ್ಲೆ ಪೂಜಾ ಮಾಡ್ತೀವಲ್ಲ?”

“ಹೇಂತಿ ಬಿಟ್ಟು ಹೋದಾಂವಗ ಹೆಣ್ಣು ಯಾರು ಕೊಡ್ತಾರೋ ಹುಚ್ಚಪ್ಯಾಲಿ? ಸತ್ತಳಂತ ಹೇಳಿದ್ರು. ಸತ್ತ ಸವತಿ ಬಿಲ್ಲೆ ಎರಡನೇ ಹೇಂತಿ ಕೊರಳಾಗ ಇರಬೇಕಲ್ಲ, ಅದಕ್ಕ ಮಾಡಿಸಿ ನಮ್ಮತ್ತಿಗೆ ಕಟ್ಟಿದ್ರು. ಪಾಪ, ಬದುಕಿದ್ದಾಕಿಗೆ ದಿನಾ ಎಡಿ ಹಿಡೀತಿದ್ಲು.”

ಬಸಲಿಂಗ ಜಿಗಿದೆದ್ದ. “ಕಳ್ಳರ ಕಥಿಗಿಂತ ಇದ ಚಲೋ ಐತಿ! ಎಲ್ಲಾ ಹರದು ಹೊಸದಾಗಿ ಬರೀತೀನಿ. ಎಂಥಾ ರಕ್ತ, ಆಯಿ, ನಮ್ಮ ಮೈಯಾಗ!”

ಅಜ್ಜಿ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡಳು.

“ಅದೆಲ್ಲಿಂದ ಬರ್ತೈತಿ? ನಿಂಬೆವ್ವಗ ಮಕ್ಕಳ ಇದ್ದಿಲ್ಲ. ನಿಮ್ಮಜ್ಜನ್ನ ಹಡದಾಕಿ ನಮ್ಮತ್ತಿ. ಆಕಿ ಸಾಯೂತನಕ ತುಟಿ ಬಿಚ್ಚದ ಬಡಿಸ್ಕೊಂಡ್ಲು.”