ಹುಣಸೆಮರಕ್ಕೆ ಕಾಲು ಗಂಟೆ

ಹೆಣ್ಣು ನೋಡಲು ನಾಲ್ಕು ಗಂಟೆಗೆ ಬರುತ್ತೇವೆ ಎಂದವರು ಎರಡಕ್ಕೇ ಬಂದುಬಿಟ್ಟರು. ಸದಾಶಿವನಗರದ ಹೆಣ್ಣಿನ ಮನೆಯ ಮುಂದೆ ಕುಣಿಗಲ್ಲಿನ ಗಂಡಿನವರ ಜೀಪು ನಿಂತಾಗ ಸಿದ್ದಲಕ್ಷ್ಮಿ ಹಿತ್ತಲಲ್ಲಿ ಕೂತು ಹುಣಸೆಮರವೊಂದರ ಬೇರು ಬಿಡಿಸುತ್ತಿದ್ದಳು. ಮೊಣಕೈತನಕ ಕೆಸರು.

ಗುಬ್ಬಿ ಕಡೆ ರಸ್ತೆ ಅಗಲ ಮಾಡುವಾಗ ಬುಲ್ಡೋಜರಿಗೆ ಸಿಗುವ ಮುಂಚೆ ಅಗೆದು ತಂದ ಮರ ಅದು. ಆಡುಗಳು ಮೇದೂ ಮೇದೂ ಮೊಣಕಾಲೆತ್ತರಕ್ಕೇ ನಿಂತಿತ್ತು. ಬುಡ ಮಾತ್ರ ತೋಳಿನಷ್ಟು ದಪ್ಪ. ವರ್ಷವಿಡೀ ಒಡಕು ಬಕೆಟ್ಟಿನಲ್ಲಿ ಸಾಕಿ, ತಾಮ್ರದ ತಂತಿ ಸುತ್ತಿ ಕೊಂಬೆಗಳನ್ನು ಬಗ್ಗಿಸಿದ್ದಳು. ಇವತ್ತು ತಟ್ಟೆಯಂಥ ಅಗಲ ಕುಂಡಕ್ಕೆ ಅದನ್ನು ಇಳಿಸಬೇಕಿತ್ತು.

“ಏಳೇ, ಬಂದ್ಬುಟ್ರು ಕಣೇ! ಕೈ ತೊಳ್ಕೊಂಡು ಸೀರೆ ಉಟ್ಕೋ!” ತಾಯಿ ರಂಗಮ್ಮ ಓಡಿಬಂದರು.

“ಕಾಲು ಗಂಟೆ ಕೂತ್ಕೊಳ್ಳೋಕೆ ಹೇಳಮ್ಮ. ಬೇರು ಬಿಡ್ಸಿಬಿಟ್ಟಿದೀನಿ. ಒಣಗಿದ್ರೆ ಮರ ಸತ್ತೋಗುತ್ತೆ.”

“ಗಿಡ ಹೋದ್ರೆ ಇನ್ನೊಂದು. ಈ ಸಂಬಂಧ ಹೋದ್ರೆ?”

“ಸಂಬಂಧ ಕಾಲು ಗಂಟೇಲಿ ಒಣಗಲ್ಲ ಬಿಡು.”

ಅಷ್ಟರಲ್ಲಿ ಹುಡುಗನ ತಾಯಿ ಮಹಾಲಕ್ಷ್ಮಮ್ಮ ಹಿತ್ತಲ ಬಾಗಿಲಿಗೇ ಬಂದಿದ್ದರು. ಅವರ ಹಿಂದೆ ಹುಡುಗನ ಅಜ್ಜಿ ಓಬಳಮ್ಮ. ಮೊದಲು ಹೆಂಗಸರಿಬ್ಬರೇ ನೋಡಿಹೋಗಲು ಬಂದಿದ್ದರು.

“ಬೋನ್ಸಾಯ್ ಅಂತಾರಂತೆ. ಲಾಲ್‌ಬಾಗ್‌ನಾಗೆ ನೋಡ್ಕೊಂಡು ಬಂದವ್ಳೆ,” ರಂಗಮ್ಮ ತಡವರಿಸಿದರು.

ಮಹಾಲಕ್ಷ್ಮಮ್ಮ ಮೂಗು ಮುರಿದರು. “ಬೆಳೆಯೋ ಮರಾನ ಕುಳ್ಳು ಮಾಡಿ ಇಟ್ಕೊಂಡ್ರೆ ಮನೆ ಏಳ್ಗೆ ಆಗುತ್ತೇನ್ರೀ? ನಮ್ಮನೇಲಿ ಇದೆಲ್ಲ ಬೇಡ. ಈಗ್ಲೇ ಹೇಳಿದೀನಿ.”

“ಹಂಗಾದ್ರೆ ನಾನೂ ಈಗ್ಲೇ ಹೇಳ್ಬುಡ್ತೀನಿ.” ಸಿದ್ದಲಕ್ಷ್ಮಿ ತಲೆಯೆತ್ತಿದಳು. “ನಾನು ಎಲ್ಲಿಗೆ ಹೋದ್ರೂ ಇದು ಬರುತ್ತೆ. ಇದಕ್ಕೆ ಜಾಗ ಇಲ್ಲದ ಮನೆ ನಂಗೂ ಬೇಡ. ನಿಮ್ಮನ್ನ ಕಾಯಿಸ್ತಿದೀನಿ, ತಪ್ಪು ತಿಳ್ಕೋಬೇಡಿ. ಆದ್ರೆ ಇದನ್ನ ಕೂರಿಸ್ದೆ ನಾನು ಏಳಲ್ಲ.”

ರಂಗಮ್ಮ ಹಣೆ ಚಚ್ಚಿಕೊಂಡರು. ಸಿದ್ದಲಕ್ಷ್ಮಿ ಮರವನ್ನೆತ್ತಿ ಕುಂಡದಲ್ಲಿಟ್ಟಳು. ಅಡಿಯ ತೂತಿನಿಂದ ತಂತಿ ಎಳೆದು ಬೇರಿಗೆ ಬಿಗಿಯಬೇಕು. ಕೈಬಿಟ್ಟರೆ ಮರ ವಾಲುತ್ತಿತ್ತು. ನಿಲ್ಲಿಸಿದಳು, ಮತ್ತೆ ವಾಲಿತು.

“ಅಮ್ಮಾ, ಒಂಚೂರು ಹಿಡ್ಕೊಳ್ಳೇ.”

ರಂಗಮ್ಮ ಬಂದವರ ಮುಖ ನೋಡುತ್ತ ಕದಲಲಿಲ್ಲ.

ಓಬಳಮ್ಮ ಮೆಟ್ಟಿಲಿಳಿದು ಬಂದರು. ರೇಷ್ಮೆ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತರು. ಹಸುಗೂಸಿನ ಕತ್ತು ಹಿಡಿಯುವಂತೆ ಎರಡೂ ಕೈಯಲ್ಲಿ ಮರದ ಬುಡ ಹಿಡಿದರು.

“ಇಂಗಾ?”

“ಒಂಚೂರು ನಿಮ್ಮ ಕಡೆಗೆ ಅಜ್ಜಿ. ಹಾಂ, ಅಷ್ಟೇ.”

“ಏನತ್ತೆ ಇದು? ಏಳಿ, ಹೊರಡಣ!” ಮಹಾಲಕ್ಷ್ಮಮ್ಮನ ಮುಖ ಕೆಂಪೇರಿತ್ತು. “ಹೆಣ್ಣು ನೋಡಿದ್ದು ಸಾಕು.”

ಅವರು ದಡದಡನೆ ನಡೆದು ಬೀದಿಗೆ ಹೋದರು. ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು. ಹಾರ್ನ್ ಒಮ್ಮೆ ಕೂಗಿತು, ಮತ್ತೊಮ್ಮೆ ಕೂಗಿತು.

“ಅತ್ತೇ!”

ಓಬಳಮ್ಮ ಹಿಂತಿರುಗಿ ನೋಡಲಿಲ್ಲ.

“ನೀವು ನಡೀರವ್ವ,” ಎಂದು ಅಲ್ಲಿಂದಲೇ ಕೂಗಿದರು. “ನಾನೀಗ ಕೈ ಬುಟ್ರೆ ಮರ ಬೀಳ್ತದೆ. ಬಸ್ಸಿಗೆ ಬತ್ತೀನಿ.”