ದಂಡದ ಖರ್ಚು

“ನಾಯಿಗೆ ವಿಮೆ ಮಾಡಿಸಿದ್ರೆ ರುಜು ಹಾಕೋರು ಯಾರು? ಅದೇನಾ?” ಎಂದು ತೂಕಪ್ಪ ಕೇಳಿದ.

ಏಜೆಂಟ್ ನಗಲಿಲ್ಲ. ಈ ತಮಾಷೆಯನ್ನು ಅವನು ಹೋದ ಮನೆಯಲ್ಲೆಲ್ಲ ಕೇಳಿದ್ದ. ಸೋಫಾದ ತುದಿಯಲ್ಲಿ ಕುಳಿತು, ಗುಂಡನ ಬಾಯಿಂದ ತನ್ನ ಬೂಟಿನ ಲೇಸನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದ. ಗುಂಡ ಎಂದರೆ ಆ ಮನೆಯ ನಾಯಿ. ಸಿಕ್ಕಿದ್ದನ್ನು ನುಂಗುವುದರಲ್ಲಿ ಎತ್ತಿದ ಕೈ.

ಏಜೆಂಟನನ್ನು ಕರೆಸಿದವಳು ಹೆಂಡತಿ. ತೂಕಪ್ಪನಿಗೆ ಅದು ಗೊತ್ತಾದದ್ದು ಕೆಲಸ ಮುಗಿಸಿ ಮನೆಗೆ ಬಂದ ಮೇಲೆ.

ಅವನು ಗುಜರಿ ಅಂಗಡಿಯ ತಕ್ಕಡಿಯ ಮುಂದೆ ಅರ್ಧ ಆಯುಸ್ಸು ಕಳೆದವನು. ತುಕ್ಕು ಹಿಡಿದ ಬಾಗಿಲಿರಲಿ, ಓಡದ ಫ್ಯಾನಿರಲಿ, ಕಣ್ಣಲ್ಲೇ ತೂಗಿ ಬೆಲೆ ಹೇಳುತ್ತಿದ್ದ. ತೂಕಪ್ಪ ಎಂಬ ಹೆಸರು ಬಂದದ್ದೇ ಹಾಗೆ. ಮನೆಯಲ್ಲಿ ಮಾತ್ರ ಅವನು ಯಾವುದನ್ನೂ ತೂಗಲು ಹೋಗುತ್ತಿರಲಿಲ್ಲ. ಸಂಬಳವನ್ನು ಹಾಗೇ ತಂದು ಹೆಂಡತಿಯ ಕೈಗಿಟ್ಟು, ದಂಡದ ಖರ್ಚು ಮಾಡಬೇಡ ಎಂದು ಎಚ್ಚರಿಸಿದರೆ ಅವನ ಸಂಸಾರ ಮುಗಿಯಿತು. ಬಾಡಿಗೆ, ಕರೆಂಟು, ಅದು ಇದು ಕಟ್ಟುವ ತಾಪತ್ರಯವೆಲ್ಲ ಅವಳದು.

ಈಗ ಅವನು ಏಜೆಂಟನಿಗೆ ಪಾಠ ಶುರುಮಾಡಿದ. ವಿಮೆ ಎನ್ನುವುದು ಮೈಯಲ್ಲಿ ಹುಷಾರಿಲ್ಲದವರಿಗೆ ಬೇಕಾದದ್ದು. ಕಲ್ಲು ತಿಂದು ಅರಗಿಸಿಕೊಳ್ಳುವ ಜೀವಕ್ಕೆ ತಿಂಗಳು ತಿಂಗಳು ಹಣ ಕಟ್ಟುವುದೆಂದರೆ ಬಿಸಿಲಲ್ಲಿ ಕೊಡೆಗೆ ಬಾಡಿಗೆ ಕೊಟ್ಟಂತೆ. ಮನುಷ್ಯನಾದರೂ ಅಷ್ಟೇ, ನಾಯಿಯಾದರೂ ಅಷ್ಟೇ. ಹೀಗೆಂದು ಗುಂಡನ ಬೆನ್ನು ತಟ್ಟಿದ. ಗುಂಡ ಬಾಲ ಆಡಿಸಿತು.

ಹೆಂಡತಿ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಗುಂಡ ಯಾವುದನ್ನೂ ಅರಗಿಸಿಕೊಳ್ಳುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದು ಕಾರಿಕೊಂಡ ಕಾಲುಚೀಲ, ಬಾಟಲಿ ಮುಚ್ಚಳಗಳನ್ನು ಬಳಿದು ಎಸೆಯುತ್ತಿದ್ದವಳು ಅವಳೇ. ಮಕ್ಕಳಿಲ್ಲದ ಮನೆ. ಹಗಲೆಲ್ಲ ಅವಳ ಸೆರಗು ಹಿಡಿದು ತಿರುಗುವ ಜೀವ ಅದೊಂದೇ. ಅದಕ್ಕೆ ಏನಾದರೂ ಆದರೆ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

“ಅಂದ್ರೆ, ಗಟ್ಟಿಮುಟ್ಟಾಗಿ ಇರೋರಿಗೆ ಕಟ್ಟೋದು ದಂಡ ಅಂತೀರಾ?” ಎಂದು ಕೇಳಿದಳು.

“ಶುದ್ಧ ದಂಡ,” ಎಂದ ತೂಕಪ್ಪ. “ಇನ್ನೂ ಎಷ್ಟು ಸಲ ಹೇಳಬೇಕು?”

ಅವಳು ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಏಜೆಂಟನನ್ನು ಬೀಳ್ಕೊಡಲು ಗೇಟಿನವರೆಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು.

ಕೆಲವು ತಿಂಗಳ ಮೇಲೆ ಗುಂಡ ಊಟ ಬಿಟ್ಟಿತು. ತೂಕಪ್ಪನೇ ಗುಜರಿಯಿಂದ ಆಟಕ್ಕೆಂದು ತಂದುಕೊಟ್ಟಿದ್ದ ರಬ್ಬರ್ ಬಿರಡೆ ಅದರ ಕರುಳಲ್ಲಿ ಸಿಕ್ಕಿಕೊಂಡಿತ್ತು. ಸುದ್ದಿ ತಿಳಿದು ಅವನು ಪ್ರಾಣಿಗಳ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಡಾಕ್ಟರು ಹೊಟ್ಟೆ ಕೊಯ್ಯಲು ಸಿದ್ಧರಾಗಿದ್ದರು. ಖರ್ಚು ಎಷ್ಟೆಂದು ಕೇಳಿದ. ಕೇಳಿ ಬೆಂಚಿನ ಮೇಲೆ ಕುಸಿದ. ಅಷ್ಟು ಹಣ ಮನೆಯಲ್ಲಿ ಇಲ್ಲ. ಬೇಡ ಎನ್ನಲು ಬಾಯಿ ಬರುವುದಿಲ್ಲ. ಮೇಜಿನ ಮೇಲೆ ಮಲಗಿದ್ದ ಗುಂಡ ಅವನ ವಾಸನೆ ಹಿಡಿದು ಬಾಲ ಆಡಿಸಲು ನೋಡಿತು. ತೂಕಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

“ಅಳಬೇಡಿ. ಅವನಿಗೆ ವಿಮೆ ಇದೆ,” ಎಂದಳು ಹೆಂಡತಿ.

ತನಗೆ ಹೇಳದೆ ಮಾಡಿಸಿದಳು ಎಂದು ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾವ ದುಡ್ಡಿನಲ್ಲಿ ಎಂದಷ್ಟೇ ಕೇಳಿದ.

“ಮನೆಖರ್ಚಲ್ಲೇ ಒಂದು ದಂಡದ ಖರ್ಚಿತ್ತು. ಅದನ್ನ ನಿಲ್ಲಿಸಿದೆ.”

ಗುಂಡ ಬದುಕಿತು. ತೂಕಪ್ಪನ ಬಾಯಿಗೆ ಹೊಸ ಕಥೆ ಸಿಕ್ಕಿತು. ತಾನು ಇಷ್ಟು ವರ್ಷ ಹೇಳಿದ್ದು ಕೊನೆಗೂ ಹೆಂಡತಿಯ ತಲೆಗೆ ಹತ್ತಿತು, ಒಂದು ಕಡೆ ಬಿಗಿಹಿಡಿದು ಇನ್ನೊಂದು ಕಡೆ ಜೀವ ಉಳಿಸಿದಳು ಎಂದು ಗುಜರಿಗೆ ಬಂದವರಿಗೆಲ್ಲ ಹೇಳಿದ. ನಿಲ್ಲಿಸಿದ್ದು ಯಾವುದನ್ನು ಎಂದು ಯಾರೋ ಕೇಳಿದರು. ಅದು ಅವನಿಗೂ ಬಗೆಹರಿದಿರಲಿಲ್ಲ. ಕಾಫಿ ಮೊದಲಿನಷ್ಟೇ ಗಟ್ಟಿಯಾಗಿತ್ತು. ಸೋಪು ಅದೇ, ಹಾಲು ಅಷ್ಟೇ, ಟಿವಿಯಲ್ಲಿ ಅವಳ ಧಾರಾವಾಹಿಯೂ ತಪ್ಪಿರಲಿಲ್ಲ. ನಿಲ್ಲಿಸಿದ್ದು ಗೊತ್ತೇ ಆಗುವುದಿಲ್ಲ ಎಂದರೆ ಅದೆಂಥ ದಂಡದ ಖರ್ಚಿರಬೇಕು ನೋಡಿ ಎಂದು ಅವನು ಹೆಮ್ಮೆಪಟ್ಟ.

ಒಂದು ಮಧ್ಯಾಹ್ನ ಹಳೆಯ ಬೀರುವೊಂದನ್ನು ತೂಗುತ್ತಿದ್ದಾಗ ತೂಕಪ್ಪ ಹೊಟ್ಟೆ ಹಿಡಿದುಕೊಂಡು ತಕ್ಕಡಿಯ ಮೇಲೆಯೇ ಬಿದ್ದ. ಪಿತ್ತಕೋಶದಲ್ಲಿ ಕಲ್ಲು, ಕೀವು ತುಂಬಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅವನು ಹೆದರಲಿಲ್ಲ. ಸ್ಪೆಷಲ್ ರೂಮೇ ಬೇಕೆಂದು ಕೇಳಿ ಪಡೆದ. ಮದುವೆಯಾದ ಹೊಸದರಲ್ಲಿ ಮಾವ ಹಟ ಹಿಡಿದು ಅವನ ಹೆಸರಿನಲ್ಲೊಂದು ಆರೋಗ್ಯ ವಿಮೆ ಮಾಡಿಸಿದ್ದರು. ಇಂದಿನವರೆಗೆ ಅದರಿಂದ ಒಂದು ಮಾತ್ರೆ ತೆಗೆದುಕೊಂಡವನಲ್ಲ ಅವನು. ಈಗ ಬಡ್ಡಿಸಮೇತ ವಸೂಲಿ ಮಾಡುತ್ತೇನೆ ಎಂದು ಡ್ರಿಪ್ ಹಾಕಲು ಬಂದ ನರ್ಸಿಗೂ ಹೇಳಿದ.

ಮಂಚದ ಪಕ್ಕ ಕುಳಿತ ಹೆಂಡತಿ ಮಾತ್ರ ಬಂದಾಗಿನಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಪಾಪ, ಗಾಬರಿಯಾಗಿದ್ದಾಳೆ ಎಂದುಕೊಂಡ ತೂಕಪ್ಪ. ಕೌಂಟರಿನಲ್ಲಿ ಮುಂಗಡ ಕೇಳುತ್ತಿದ್ದಾರಂತೆ, ಹೋಗಿ ತನ್ನ ವಿಮೆ ಇದೆ ಎಂದು ಹೇಳಿ ಬಾ ಎಂದ.

ಅವಳು ಏಳಲಿಲ್ಲ.

“ಗುಂಡನಿಗೆ ಕಟ್ಟೋಕೆ ನಾನು ನಿಲ್ಲಿಸಿದ್ದು ಅದನ್ನೇ ಕಣ್ರೀ.”