ರೀಲಿನ ಕೊನೆಯ ಗರುಡ

ಹಳೆಯ ಕ್ಯಾಮರಾದ ಚರ್ಮದ ಚೀಲ ತೆರೆದರೆ ಈಗಲೂ ಬಾಪನ ಅತ್ತರಿನ ಪರಿಮಳ ಬರುತ್ತದೆ.

ರಜೆಗೆ ಬಂದಿದ್ದ ಬಾಪ ಮರುದಿನ ದುಬೈಗೆ ಹೊರಡುವವರಿದ್ದರು. ಚಳಿಗಾಲದ ಆ ಮಧ್ಯಾಹ್ನ ನಮ್ಮನ್ನೆಲ್ಲ ಬಂಟ್ವಾಳದ ಹೊಳೆಬದಿಗೆ ಕರೆದೊಯ್ದರು. ನೆಂಟರ ಮದುವೆಯಲ್ಲಿ ರೀಲು ಬಹುತೇಕ ಮುಗಿದು ಒಂದೇ ಒಂದು ಫೋಟೋ ಉಳಿದಿತ್ತು. ಉಮ್ಮ, ತಂಗಿ, ನಾನು ನಿಲ್ಲುವ ಆ ಫೋಟೋ ರೀಲಿನಲ್ಲೇ ಬಾಪನ ಜೊತೆ ಹೋಗಿ ದುಬೈಯಲ್ಲಿ ಪ್ರಿಂಟಾಗಬೇಕಿತ್ತು. ಅದಕ್ಕೆಂದೇ ಉಮ್ಮ ತಮ್ಮ ಮದುವೆಯ ಸೀರೆ ಉಟ್ಟಿದ್ದರು.

ಅಷ್ಟರಲ್ಲಿ ಬಿಳಿ ತಲೆಯ, ಕೆಂಪು ರೆಕ್ಕೆಯ ಗರುಡವೊಂದು ನೀರಿಗೆರಗಿ ಮೀನು ಹಿಡಿದು ಮೇಲೆದ್ದಿತು.

“ಬಾಪ, ಅದರದ್ದು ತೆಗೀರಿ!” ನಾನು ಕುಣಿದೆ.

ಬಾಪ ಉಮ್ಮನ ಮುಖ ನೋಡಿದರು.

“ತೆಗೀರಿ ಮಾರಾಯ್ರೆ. ಅದು ನಿಲ್ಲುದಿಲ್ಲ. ನಾವು ಎಲ್ಲಿಗೂ ಹೋಗುದಿಲ್ಲ,” ಎಂದರು ಉಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

ಮುಂದಿನ ರಜೆಗೆ ಬಂದಾಗ ಬಾಪ ಪರ್ಸಿನಿಂದ ಆ ಗರುಡದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಬರೀ ಆಕಾಶ, ನಡುವೆ ಒಂದು ಕಪ್ಪು ಚುಕ್ಕೆ. ಅಂಚುಗಳೆಲ್ಲ ಸವೆದುಹೋಗಿದ್ದವು.

“ರೂಮಿನವರಿಗೆಲ್ಲ ತೋರಿಸ್ತಿದ್ದೆ,” ಎನ್ನುತ್ತ ಅವರು ಫೋಟೋದ ಕೆಳಗೆ, ಬರಿಯ ಮೇಜಿನ ಮೇಲೆ ಬೆರಳಿಟ್ಟರು. “ಇಲ್ಲಿ ನನ್ನ ಹೆಂಡತಿ, ಮಕ್ಕಳು ನಿಂತಿದ್ದಾರೆ ಅಂತ.”